ಅಪ್‌ಡೇಟ್: ಇಕ್ಕೇರಿ ಚಿತ್ರದ ನೆರಳು ಕಡೆಗೂ ಸರಿಹೋಯಿತು

ಚಿತ್ರಕ್ಕೆ ನೆರಳು ಹಾಕುವುದು ಹೇಗೆ ಎಂದು ಹೋದ ತಿಂಗಳು ಇಲ್ಲಿ ಕೇಳಿದ್ದೆ, ನೆನಪಿದೆಯಾ? ಮಳೆಯಲ್ಲಿ ನೆನೆದ ಇಕ್ಕೇರಿ ದೇವಸ್ಥಾನವನ್ನು ಕ್ರಿತಾದಲ್ಲಿ (ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಸಾಫ್ಟ್‌ವೇರ್) ಬರೆದಿದ್ದೆ. ನೆರಳು ಹಾಕಿದ ಕೂಡಲೇ ಇಡೀ ಚಿತ್ರ ಮಸಿಬಟ್ಟೆ ಆಗುತ್ತಿತ್ತು.

ತಪ್ಪು ನನ್ನದೇ. ಮಲ್ಟಿಪ್ಲೈ ಲೇಯರಿನಲ್ಲಿ (ಚಿತ್ರದ ಮೇಲೆ ಹಾಕುವ ಒಂದು ಬಗೆಯ ಪದರ) ಬೂದು ಬಳಿಯುತ್ತಿದ್ದೆ. ಅದು ಕೆಳಗಿನ ಬಣ್ಣವನ್ನು ಗುಣಿಸಿ ಇನ್ನೂ ಕಡು ಮಾಡುತ್ತದೆ. ಪಾಚಿಯ ಹಸಿರು ಮಂಕಾಗದೆ ಇನ್ನೇನು? ನಿಮ್ಮಲ್ಲೊಬ್ಬರು ಹೇಳಿದಂತೆ ತಿಳಿ ನೇರಳೆ ಹಾಕಿದೆ, ಕಲ್ಲಿಗೆ ಜೀವ ಬಂತು. ಇನ್ನೊಂದು ಆಮೇಲೆ ಹೊಳೆಯಿತು: ಮೋಡ ಕವಿದ ದಿನ ಗಟ್ಟಿ ಅಂಚಿನ ನೆರಳು ಬೀಳುವುದೇ ಇಲ್ಲ, ಅಲ್ವಾ? (ಇಕ್ಕೇರಿ ಹತ್ತಿರದ ಸಾಗರ ಪೇಟೆಯ ಪಕ್ಕವೇ ಹುಟ್ಟಿ ಬೆಳೆದವನಿಗೆ ಇಷ್ಟು ತಿಳಿಯಲಿಲ್ಲ!) ಈಗ ಸೂರಿನ ಅಡಿ, ಕಂಬದ ಬುಡ, ನಂದಿ ಮಂಟಪದ ಒಳಗೆ ಮಾತ್ರ ಕಡು ನೆರಳು. ಉಳಿದ ಕಡೆ ಮೆದು ಬ್ರಶ್.

ಗೆರೆಯ ವಿಷಯದಲ್ಲಿ ಮಾತ್ರ ನಿಮ್ಮ ಸಲಹೆ ಪೂರ್ತಿ ಕೇಳಲಿಲ್ಲ, ಬೇಜಾರಾಗಬೇಡಿ. ಸ್ಟೆಬಿಲೈಜರ್ (ಕೈಯ ನಡುಕ ತೆಗೆದು ಗೆರೆ ನಯ ಮಾಡುವ ಸೆಟ್ಟಿಂಗ್) ಜಾಸ್ತಿ ಮಾಡಿ ಅಂದಿರಿ. ಮಾಡಿದರೆ ಗೆರೆಗಳು ತಂತಿ ಬೇಲಿಯ ಹಾಗೆ ಬಿಗಿಯಾದವು. ನಮ್ಮ ಕಡೆ ದೀವರ ಸಮುದಾಯದ ಮನೆಗಳ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅಲ್ಲಿ ನೆರಳೇ ಇಲ್ಲ, ಎಲ್ಲ ಗೆರೆಯದ್ದೇ ಕೆಲಸ. ಎಷ್ಟು ನೇರ ಎಳೆದರೂ ಕೈಯ ಸಣ್ಣ ನಡುಕ ಉಳಿದಿರುತ್ತದೆ. ನನಗೆ ಅದೇ ಬೇಕಿತ್ತು. ಸ್ಟೆಬಿಲೈಜರ್ ಆಫ್ ಮಾಡಿ, ನೆರಳಿನ ಕಡೆ ದಪ್ಪ, ಬೆಳಕಿನ ಕಡೆ ತೆಳು ಗೆರೆ ಎಳೆದೆ. ಆಕಾಶಕ್ಕೆ ತಾಗುವ ಅಂಚಿನಲ್ಲಿ ಗೆರೆಯನ್ನೇ ಹಾಕಲಿಲ್ಲ.

ದೇವಸ್ಥಾನದ ಅಂಗಳದಲ್ಲಿ ನಿಂತ ನೀರು ಬರೆಯುವುದು ಇನ್ನೂ ಬಾಕಿ. ಕರೆಂಟ್ ಬಂದ ಮೇಲೆ ಕೂರುತ್ತೇನೆ.