ಚಾಂಡ್ಲರ್‌ನಲ್ಲಿ ಮನೆ ಮುಂದಿನ ಹುಲ್ಲು ತೆಗೆಸಬೇಕು: ಮಾಡಿಸಿದವರು ಅನುಭವ ಹೇಳ್ತೀರಾ?

ಚಾಂಡ್ಲರ್ ಹೊಸಬ: ಅರಿಜೋನದ ಫೀನಿಕ್ಸ್ ಪಕ್ಕ, ದಕ್ಷಿಣ ಚಾಂಡ್ಲರ್‌ನಲ್ಲಿ ಹಳೇ ಮನೆ ತಗೊಂಡಿದೀವಿ. ಮುಂದೆ 900 ಚದರ ಅಡಿ ಹುಲ್ಲು, ಪಶ್ಚಿಮಕ್ಕೆ ಮುಖ, ಹುಲ್ಲಿನ ನಡುವೆ ದೊಡ್ಡ ಆಶ್ ಮರ. ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಇದೆ. ಹುಲ್ಲು ತೆಗೆಸಿ, ಡ್ರಿಪ್ ಹಾಕಿಸಿ, ಗ್ರಾನೈಟ್ ಚೂರು ಹರಡಿಸೋ ಯೋಚನೆ. ಎಲ್ಲಿಂದ ಶುರು ಮಾಡಬೇಕು? ಖರ್ಚು ಎಷ್ಟು? ಮರ ಉಳಿಯುತ್ತಾ?

ಗಿಲ್ಬರ್ಟ್ ರಾವ್: ಹುಲ್ಲು ತೆಗೆಸಿದರೆ ನಗರಸಭೆ ಒಂದಿಷ್ಟು ದುಡ್ಡು ವಾಪಸ್ ಕೊಡುತ್ತೆ, ಅದೇ ರಿಬೇಟ್. ಮೊದಲು ರಿಬೇಟ್ ಅರ್ಜಿ, ಆಮೇಲೆ ಸಲಿಕೆ. ಚಾಂಡ್ಲರ್, ಗಿಲ್ಬರ್ಟ್, ಮೇಸಾ ಮೂರರಲ್ಲೂ ಇದೇ ಕ್ರಮ. ಹುಲ್ಲು ಜೀವಂತ ಇರುವಾಗಲೇ ನಗರಸಭೆಯವರು ಬಂದು ನೋಡಿ ಒಪ್ಪಬೇಕು. ಮೊತ್ತ ಊರಿಂದ ಊರಿಗೆ ಬೇರೆ, ಬಜೆಟ್ ಮುಗಿದರೆ ಆ ವರ್ಷಕ್ಕೆ ಬಾಗಿಲು ಬಂದ್.

ನಮ್ಮದು 1,150 ಚದರ ಅಡಿ. ಲೆಕ್ಕ ಹೀಗಿದೆ. ಹುಲ್ಲು ಕತ್ತರಿಸೋ ಯಂತ್ರದ ಬಾಡಿಗೆ 110 ಡಾಲರ್, ಮಣ್ಣು-ಹುಲ್ಲು ಸಾಗಿಸೋಕೆ 380, ಗ್ರಾನೈಟ್ 10 ಟನ್ ಸಾಗಣೆ ಸೇರಿ 620, ಹರಡೋ ಕೂಲಿ 700, ವಾಲ್ವ್-ಫಿಲ್ಟರ್-ರೆಗ್ಯುಲೇಟರ್-ಪೈಪು 290, ಐದು ಗ್ಯಾಲನ್ ಕುಂಡದ ಗಿಡ 14ಕ್ಕೆ 336, ಹದಿನೈದು ಗ್ಯಾಲನ್ ಕುಂಡದ ಮರ ಎರಡಕ್ಕೆ 240. ಒಟ್ಟು 2,676. ಎರಡಿಂಚು ದಪ್ಪಕ್ಕೆ ಒಂದು ಟನ್ ಸುಮಾರು 120 ಚದರ ಅಡಿ ಮುಚ್ಚುತ್ತೆ. ಒಂದೂವರೆ ಇಂಚಿಗೆ ಒಪ್ಪಿಕೊಂಡರೆ ಎರಡನೇ ಮಳೆಗೇ ಮಣ್ಣು ಕಾಣುತ್ತೆ.

ಹುಲ್ಲು ಬರ್ಮುಡಾ ಆದರೆ ಅದು ಗರಿಕೆ, ಗಣಪತಿಗೆ ಏರಿಸ್ತೀವಲ್ಲ ಅದೇ. ಕೀಳಿದರೆ ಹೋಗಲ್ಲ. ಬೇಸಿಗೆಯಲ್ಲಿ ಎರಡು ವಾರ ಚೆನ್ನಾಗಿ ನೀರು ಕೊಟ್ಟು ಚಿಗುರಿಸಿ ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೀಬೇಕು. ಹತ್ತು ದಿನ ಬಿಟ್ಟು ಮತ್ತೆ ನೀರು, ಹಸಿರು ಕಂಡಲ್ಲಿ ಮತ್ತೆ ಹೊಡೆತ. ಡಿಸೆಂಬರ್‌ನಲ್ಲಿ ಹುಲ್ಲು ಕಂದಾಗಿ ಮಲಗಿರುವಾಗ ಹೊಡೆದರೆ ಔಷಧಿ ಬೇರಿಗೆ ಇಳಿಯೋದೇ ಇಲ್ಲ. ಮಾರ್ಚ್‌ನಲ್ಲಿ ಕಲ್ಲಿನ ಸಂದಿಯಿಂದ ಎದ್ದು ನಿಲ್ಲುತ್ತೆ.

ಕ್ವೀನ್ ಕ್ರೀಕ್ ಪಾಟೀಲ: ರಾವ್ ಸಾಹೇಬ್ರ, ರಿಬೇಟ್ ಆಮ್ಯಾಲಿನ ಮಾತು. ಎಚ್‌ಒಎ ಒಪ್ಪದಿದ್ರ ನಿಮ್ಮ ಹತ್ತು ಟನ್ ಕಲ್ಲು ವಾಪಸ್ ಎತ್ತಬೇಕಾಕ್ಕೈತಿ. ಅರ್ಜಿಗೆ ನಕ್ಷೆ, ಗಿಡಗಳ ಸಸ್ಯಶಾಸ್ತ್ರೀಯ ಹೆಸರು, ಕಲ್ಲಿನ ಬಣ್ಣ, ಅಳತಿ ಎಲ್ಲಾ ಬೇಕು. "ಕಂದು ಕಲ್ಲು" ಅಂತ ಬರದ್ರ ತಿರಸ್ಕಾರ. "ಎಕ್ಸ್‌ಪ್ರೆಸ್ ಬ್ರೌನ್, ಅರ್ಧ ಇಂಚು, ಜರಡಿ ಹಿಡಿದದ್ದು" ಅಂತ ಬರೀರಿ, ಒಂದು ಚೀಲದಾಗ ಮಾದರಿ ಕೊಡ್ರಿ. ಗಿಡಗಳನ್ನ ರಾಜ್ಯ ಜಲಸಂಪನ್ಮೂಲ ಇಲಾಖೆಯ ಕಡಿಮೆ ನೀರಿನ ಸಸ್ಯಪಟ್ಟಿಯಿಂದನ ಆರಸ್ರಿ, ವಾದ ಅರ್ಧ ಕಡಿಮಿ ಆಕ್ಕೈತಿ.

ನಮ್ಮ ಸಮಿತಿ ಎರಡು ಸಲ ಕಾರಣ ಹೇಳದ ತಿರಸ್ಕಾರ ಮಾಡ್ತು, ಮ್ಯಾಲ ದಂಡದ ನೋಟಿಸ್. ಇದಕ್ಕ ಕಾಯ್ದೆ ಐತಿ, ಓದ್ಕೊಳ್ರಿ. ಅರಿಜೋನ ಕಾಯ್ದೆ 33-1803: ನೋಟಿಸ್ ತಾರೀಖಿನಿಂದ 21 ದಿನದೊಳಗ ಸರ್ಟಿಫೈಡ್ ಅಂಚೆಯಾಗ ಉತ್ತರ ಕಳಸ್ರಿ. ಹತ್ತು ಕೆಲಸದ ದಿನದೊಳಗ ಅವರು ಯಾವ ಷರತ್ತು ಮುರದೀರಿ, ಯಾರು ನೋಡಿದ್ರು, ಯಾವತ್ತು ನೋಡಿದ್ರು ಅಂತ ಬರದು ಕೊಡಬೇಕು. 33-1805: ದಾಖಲೆ ಕೇಳಿದ್ರ ಹತ್ತು ಕೆಲಸದ ದಿನದಾಗ ತೋರಿಸಬೇಕು, ನಕಲಿಗೆ ಪುಟಕ್ಕ 15 ಸೆಂಟ್ ಮೀರಂಗಿಲ್ಲ. 33-1804: ಮಂಡಳಿ ಸಭೆ ಸದಸ್ಯರಿಗೆ ಮುಕ್ತ, ಮತಕ್ಕ ಹಾಕೂ ಮುಂಚೆ ಮಾತಾಡೂ ಹಕ್ಕು ನಿಮಗೈತಿ. ಇಮೇಲ್‌ನಾಗ ಜಗಳ ಆಡಬ್ಯಾಡ್ರಿ, ಅದಕ್ಕ ಲೆಕ್ಕ ಇಲ್ಲ.

ಇನ್ನೊಂದು. ಹೊಸ ಬಡಾವಣಿ ಆದ್ರ ಮನಿ ಮಾರಾಟ ಮುಗಿಯೂತನಕ ಮಂಡಳಿ ಬಿಲ್ಡರ್ ಕೈಯಾಗ ಇರತೈತಿ. ಆಗ ನಿಮ್ಮ ಮತ ಲೆಕ್ಕಕ್ಕಿಲ್ಲ.

ಟೆಂಪೆ ಮಲೆನಾಡಿನವಳು: ಹೊಸಬರು ಕೇಳಿದ್ದು ಮರ ಉಳಿಯುತ್ತಾ ಅಂತ. ಇಬ್ಬರೂ ಆ ಮಾತೇ ಎತ್ತಿಲ್ಲ! ಈಗ ಹೇಳಿದ ಹಾಗೆ ಮಾಡಿದರೆ ಉಳಿಯಲ್ಲ. ಆಶ್ ಮರ ಇಷ್ಟು ವರ್ಷ ಕುಡಿದಿರೋದು ಹುಲ್ಲಿನ ಸ್ಪ್ರಿಂಕ್ಲರ್ ನೀರನ್ನ. ಅದು ನಿಂತರೆ ಮೊದಲ ಜೂನ್‌ನಲ್ಲಿ ತುದಿ ಒಣಗುತ್ತೆ, ಮುಂದಿನ ಬೇಸಿಗೆಗೆ ಕೊಂಬೆ ಬೀಳುತ್ತೆ, ಕಡಿಸೋ ಖರ್ಚು ರಾವ್ ಅವರ ಇಡೀ ಬಿಲ್ಲಿನಷ್ಟು ಬರುತ್ತೆ.

ಹುಲ್ಲಿಗೆ ನೀರು ನಿಲ್ಲಿಸೋ ಮುಂಚೆಯೇ ಮರಕ್ಕೆ ಪ್ರತ್ಯೇಕ ವಾಲ್ವ್ ಹಾಕಿಸಿ. ಬುಡದಿಂದ ಕೊಂಬೆಯ ಅಂಚಿಗೆ ಇರೋ ದೂರದ ಅರ್ಧದಿಂದ ಶುರು ಮಾಡಿ, ಅಂಚು ದಾಟುವವರೆಗೆ ಎರಡೆರಡು ಅಡಿಗೆ ಡ್ರಿಪ್ ಕೊಳವೆಯ ಬಳೆಗಳು. ಬುಡಕ್ಕೇ ಎಮಿಟರ್ (ಹನಿ ಬಿಡೋ ಮೂತಿ) ಇಟ್ಟರೆ ತೊಗಟೆ ಕೊಳೆಯುತ್ತೆ, ಬೇರು ಅಲ್ಲೇ ಸುತ್ತಿಕೊಳ್ಳುತ್ತೆ, ಮಾನ್ಸೂನ್ ಗಾಳಿಗೆ ಮರ ಬುಡಸಮೇತ ಮಲಗುತ್ತೆ. ನೀರು ಎರಡರಿಂದ ಮೂರು ಅಡಿ ಆಳ ಇಳೀಬೇಕು. ಉದ್ದದ ಕಬ್ಬಿಣದ ಸಲಾಕೆ ಚುಚ್ಚಿ ನೋಡಿ, ಒದ್ದೆ ಇರೋವರೆಗೆ ಸಲೀಸಾಗಿ ಇಳಿಯುತ್ತೆ, ಒಣಗಿದಲ್ಲಿ ನಿಲ್ಲುತ್ತೆ. ಆಶ್‌ನಂಥ ಮರಕ್ಕೆ ಬೇಸಿಗೆಯಲ್ಲಿ 7ರಿಂದ 10 ದಿನಕ್ಕೊಮ್ಮೆ. ಪಾಲೋ ವರ್ಡೆ, ಮೆಸ್ಕೀಟ್‌ನಂಥ ಮರುಭೂಮಿ ಮರಗಳಿಗೆ 7ರಿಂದ 21 ದಿನಕ್ಕೊಮ್ಮೆ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ದಿನಾ ಹತ್ತು ನಿಮಿಷ ಬಿಡೋರಿಗೆ ನೀರೂ ದಂಡ, ಉಪ್ಪೂ ಮೇಲೇ ಉಳಿದು ಎಲೆ ಅಂಚು ಸುಡುತ್ತೆ.

ಮರದ ಕೆಳಗೆ ಹುಲ್ಲು ಕತ್ತರಿಸೋ ಯಂತ್ರ ಓಡಿಸಬೇಡಿ, ನೀರು ಹೀರೋ ಬೇರು ಅಲ್ಲೇ ಇರೋದು. ಪಾಲೋ ವರ್ಡೆಯ ಹಸಿರು ತೊಗಟೆಗೆ ಗ್ಲೈಫೋಸೇಟ್ ತಾಗಲೂಬಾರದು.

ಪಶ್ಚಿಮಮುಖಿ ಮನೆಗೆ ಮರ ಬಿಟ್ಟು ಬರೀ ಕಲ್ಲು ಹಾಕೋದು ಅಂದರೆ ಬಾಗಿಲಲ್ಲಿ ಹಂಚು ಕಾಯಿಸಿ ಇಟ್ಟ ಹಾಗೆ. 2023ರಲ್ಲಿ ಫೀನಿಕ್ಸ್ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಇಲ್ಲ ದಾಟಿತ್ತು. ಆ ವರ್ಷ ಮ್ಯಾರಿಕೋಪ ಕೌಂಟಿಯಲ್ಲಿ ಬಿಸಿಲಿಗೆ ಸತ್ತವರು 645. ನೆರಳು ಶೋಕಿ ಅಲ್ಲ.

ಗಿಲ್ಬರ್ಟ್ ರಾವ್: ಮೇಡಂ, ನಮ್ಮ ಲೆಕ್ಕದಲ್ಲಿ ಎರಡು ಮರ ಇದೆ. ಓದಿ.

ಟೆಂಪೆ ಮಲೆನಾಡಿನವಳು: ಓದಿದೆ. ಹದಿನೈದು ಗ್ಯಾಲನ್ ಮರ ನೆರಳು ಕೊಡೋ ಹೊತ್ತಿಗೆ ಮಕ್ಕಳು ಕಾಲೇಜು ಮುಗಿಸಿರ್ತಾರೆ. ಇರೋ ಮರ ಉಳಿಸೋದು ಮೊದಲು.

ಮೇಸಾ ಸುರೇಶಣ್ಣ: ಡ್ರಿಪ್ ಬಗ್ಗೆ ಯಾರೂ ಸರಿಯಾಗಿ ಹೇಳ್ತಿಲ್ಲ. ಸ್ಪ್ರಿಂಕ್ಲರ್ ವಾಲ್ವಿಗೇ ಡ್ರಿಪ್ ಕೊಳವೆ ಸಿಕ್ಕಿಸೋರು ಬೇಕಾದಷ್ಟು ಜನ ಇದ್ದಾರೆ. ಒತ್ತಡಕ್ಕೆ ಎಮಿಟರ್ ಹಾರಿ ಕಲ್ಲಿನ ಕೆಳಗೆ ಕಾರಂಜಿ. ವಾಲ್ವ್ ಆದಮೇಲೆ ಫಿಲ್ಟರ್, ಆಮೇಲೆ ಒತ್ತಡ ತಗ್ಗಿಸೋ 25 ಪಿಎಸ್‌ಐ ರೆಗ್ಯುಲೇಟರ್, ಆಮೇಲೆ ಅರ್ಧ ಇಂಚು ಕೊಳವೆ. ಕಾಲಿಂಚು ಕೊಳವೆ ಐದಡಿ ಮೀರಬಾರದು. ಪ್ರತಿ ಸಾಲಿನ ಕೊನೆಗೆ ಬಿಚ್ಚೋ ಮುಚ್ಚಳ ಇರಲಿ, ಇಲ್ಲಿನ ಗಡಸು ನೀರಿಗೆ ವರ್ಷಕ್ಕೆರಡು ಸಲ ತೊಳೀಬೇಕು. ಮರಕ್ಕೊಂದು ವಾಲ್ವ್, ಪೊದೆಗೊಂದು ವಾಲ್ವ್. ಎರಡೂ ಒಂದರಲ್ಲಿದ್ದರೆ ಒಂದು ಸಾಯುತ್ತೆ, ಇಲ್ಲ ಇನ್ನೊಂದು ಕೊಳೆಯುತ್ತೆ.

ಅಗೆಯೋ ಮುಂಚೆ 811ಕ್ಕೆ ಫೋನ್ ಮಾಡಿ, ಎರಡು ಪೂರ್ತಿ ಕೆಲಸದ ದಿನ ಕಾಯಬೇಕು. ಗ್ಯಾಸ್, ಕೇಬಲ್ ಗುರುತು ಹಾಕಿ ಹೋಗ್ತಾರೆ, ಪುಕ್ಕಟೆ. ಗುಂಡಿಗೆ ನೀರು ತುಂಬಿಸಿ ಮರುದಿನವೂ ನಿಂತಿದ್ದರೆ ಕೆಳಗೆ ಕ್ಯಾಲೀಚೆ ಇದೆ ಅಂತ, ಸುಣ್ಣದ ಗಟ್ಟಿ ಪದರ. ಹಾರೆಯಲ್ಲಿ ಅದನ್ನ ತೂತು ಮಾಡಿ ಕೆಳಗಿನ ಮಣ್ಣು ಮುಟ್ಟಿಸಬೇಕು, ಇಲ್ಲದಿದ್ದರೆ ಮರ ತೊಟ್ಟಿಯಲ್ಲಿ ನೆಟ್ಟ ಹಾಗೇ.

ಕಲ್ಲಿನ ಮಟ್ಟ ಕಾಲುದಾರಿಗಿಂತ ಕೆಳಗಿರಲಿ, ಅಂದರೆ ಹುಲ್ಲಿನ ಜೊತೆ ಎರಡು-ಮೂರು ಇಂಚು ಮಣ್ಣೂ ಹೋಗಬೇಕು. ಗೋಡೆಯ ಗಾರೆ ಮುಗಿಯೋ ಕಡೆ ಒಂದು ತಗಡಿನ ಅಂಚು ಕಾಣುತ್ತಲ್ಲ, ಮಣ್ಣು ಅದಕ್ಕಿಂತ ನಾಲ್ಕಿಂಚು ಕೆಳಗೇ ಇರಬೇಕು. ಕಲ್ಲು ಸುರಿದು ಅದನ್ನ ಮುಚ್ಚಿದರೆ ಗೆದ್ದಲಿಗೆ ಮೆಟ್ಟಿಲು ಕಟ್ಟಿಕೊಟ್ಟಂತೆ. ಕಲ್ಲಿನ ಕೆಳಗೆ ಬಟ್ಟೆ ಹಾಸೋದು ಬೇಡ. ಧೂಳು ಕೂತು ಕಳೆ ಬಟ್ಟೆಯ ಮೇಲೇ ಬೇರು ಬಿಡುತ್ತೆ, ಗರಿಕೆ ತೂತು ಮಾಡಿಕೊಂಡು ಬರುತ್ತೆ.

ಕ್ವೀನ್ ಕ್ರೀಕ್ ಪಾಟೀಲ: ಬಟ್ಟಿ ಬ್ಯಾಡ ಅನ್ನೂದು ಸರಿ. ಆದ್ರ ಸುರೇಶಣ್ಣ, ಇದನ್ನೆಲ್ಲಾ ಮಾಡೂರು ಯಾರು? ಶನಿವಾರ ಅಂಗಡಿ ಮುಂದ ನಿಂತ ಹುಡುಗ್ರನ್ನ ಕರಕೊಂಡು ಬಂದ್ರ?

ಮೇಸಾ ಸುರೇಶಣ್ಣ: ಯಾಕ್ರೀ, ಅವರಿಗೆ ಕೆಲಸ ಬರಲ್ವಾ? ಲೈಸೆನ್ಸ್ ಇದ್ದವರು ಇದೇ ಕೆಲಸಕ್ಕೆ ಎರಡೂವರೆ ಪಟ್ಟು ಕೇಳ್ತಾರೆ, ಮಾಡಿಸೋದು ಅದೇ ಹುಡುಗರ ಕೈಲಿ.

ಕ್ವೀನ್ ಕ್ರೀಕ್ ಪಾಟೀಲ: ಕೆಲಸದ ಮಾತಲ್ಲ, ಕೆಟ್ಟರ ಯಾರನ್ನ ಹಿಡೀತೀರಿ ಅನ್ನೂದು. ಸಾಮಾನು-ಕೂಲಿ ಎರಡೂ ಸೇರಿ ಸಾವಿರ ಡಾಲರ್ ಮುಟ್ಟಿದ್ರ ಲೈಸೆನ್ಸ್ ಬೇಕ ಬೇಕು. ಸಣ್ಣ ಸಣ್ಣ ಬಿಲ್ ಮಾಡಿ ತುಂಡರಿಸಿದ್ರೂ ಕಾನೂನು ಒಪ್ಪಂಗಿಲ್ಲ. ಲೈಸೆನ್ಸ್ ಇದ್ದವ ಕೆಲಸ ಕೆಡಿಸಿದ್ರ ರಾಜ್ಯದ ಗುತ್ತಿಗೆದಾರರ ನೋಂದಣಿ ಕಚೇರಿಗೆ ದೂರು ಕೊಡಬಹುದು, ಅಲ್ಲಿ ಒಂದು ಮನಿಗೆ 30,000 ಡಾಲರ್ ತನಕ ಪರಿಹಾರ ನಿಧಿ ಐತಿ. ನಗದು ಕೊಟ್ಟವರಿಗೆ ಏನೈತಿ? ರಶೀದಿನೂ ಇಲ್ಲ. ವೆಬ್‌ಸೈಟ್‌ನಾಗ ಲೈಸೆನ್ಸ್ ಸಂಖ್ಯಾ ಹಾಕಿ ನೋಡ್ರಿ, ಹಳೇ ದೂರು ಸೈತ ಕಾಣತಾವು.

ಒಕೊಟಿಯೊ ಕುಲಕರ್ಣಿ: ಎಲ್ಲರೂ ಹುಲ್ಲನ್ನೇ ಬೈಯುತ್ತಿದ್ದೀರಿ. ಅರಿಜೋನದ ನೀರಿನಲ್ಲಿ ಸುಮಾರು ಮುಕ್ಕಾಲು ಪಾಲು ಬೇಸಾಯಕ್ಕೆ ಹೋಗುತ್ತದೆ. ಚಿಪ್ ಕಾರ್ಖಾನೆ ಬೇರೆ. ನನ್ನ 900 ಚದರ ಅಡಿಯಿಂದ ಕೊಲೊರಾಡೊ ನದಿ ಬತ್ತುವುದಿಲ್ಲ.

ಟೆಂಪೆ ಮಲೆನಾಡಿನವಳು: ಕುಲಕರ್ಣಿಯವರೇ, ಅರ್ಧ ಲೆಕ್ಕ. 2022ರಿಂದ ಕೊಲೊರಾಡೊ ನದಿ ನೀರಿನ ಕಡಿತದಲ್ಲಿ ಮೊದಲು ಪೆಟ್ಟು ತಿಂದವರು ಪಿನಾಲ್ ಕೌಂಟಿ ರೈತರೇ. ಇನ್ನು ಚಿಪ್ ಕಾರ್ಖಾನೆ, ಇಂಟೆಲ್ ತನ್ನ ನೀರನ್ನ ಶುದ್ಧ ಮಾಡಿ ಮತ್ತೆ ಬಳಸುತ್ತೆ. ಮನೆ ಒಳಗಿನ ಬಚ್ಚಲ ನೀರೂ ಹಾಗೇ, ಚರಂಡಿಗೆ ಹೋಗಿ ಶುದ್ಧವಾಗಿ ಮತ್ತೆ ಬರುತ್ತೆ. ಪಾಲೋ ವರ್ಡೆ ಅಣುಸ್ಥಾವರ ತಣ್ಣಗಾಗೋದೇ ಇಲ್ಲಿನ ಕೊಳಚೆ ನೀರನ್ನ ಶುದ್ಧ ಮಾಡಿ. ಆದರೆ ಹುಲ್ಲಿಗೆ ಹಾಕಿದ್ದು ಆವಿ, ವಾಪಸ್ ಬರಲ್ಲ. ಇಲ್ಲಿ ಮನೆಬಳಕೆಯ ನೀರಲ್ಲಿ ಶೇ. 70ರವರೆಗೂ ಹೊರಗೇ ಹೋಗುತ್ತೆ.

ಕ್ವೀನ್ ಕ್ರೀಕ್ ಪಾಟೀಲ: ಚಾಂಡ್ಲರ್‌ನೋರಿಗೆ ಹಳೇ ಕಾಲುವಿ ನೀರೈತಿ, ಮಾತಾಡ್ತೀರಿ. 2023ರ ಜೂನ್‌ನಾಗ ರಾಜ್ಯದ ಲೆಕ್ಕ ಬಂತಲ್ಲ, ಫೀನಿಕ್ಸ್ ಸುತ್ತಮುತ್ತ ಬರೂ ನೂರು ವರ್ಷದ ಅಂತರ್ಜಲದ ಬೇಡಿಕಿಗೆ ಶೇ. 4 ಕಮ್ಮಿ ಬೀಳತೈತಿ ಅಂತ. ಅವತ್ತಿನಿಂದ ಬರೇ ಅಂತರ್ಜಲ ನಂಬಿದ ಹೊಸ ಬಡಾವಣಿಗೆ ನೀರಿನ ಖಾತ್ರಿ ಪ್ರಮಾಣಪತ್ರ ಕೊಡೂದು ನಿಲ್ಲಿಸಿದ್ರು. ನಮ್ಮ ಕಡೆ, ಬಕ್‌ಐ ಕಡೆ ಅದರ ಬಿಸಿ ತಟ್ಟೇತಿ. ಸ್ಕಾಟ್ಸ್‌ಡೇಲ್ ಪಕ್ಕದ ರಿಯೋ ವರ್ಡೆ ಫುಟ್‌ಹಿಲ್ಸ್‌ಗೆ 2023ರ ಜನವರಿ 1ಕ್ಕ ಟ್ಯಾಂಕರ್ ನೀರ ಬಂದ್ ಮಾಡಿದ್ರು.

ಒಕೊಟಿಯೊ ಕುಲಕರ್ಣಿ: ಹಾಗಿದ್ದರೆ ಹೊಸ ಮನೆ ಕಟ್ಟುವುದನ್ನು ನಿಲ್ಲಿಸಲಿ, ಇರುವವರ ಅಂಗಳಕ್ಕೆ ಏಕೆ ಕೈ ಹಾಕುತ್ತಾರೆ? ನಾನು ತೆಗೆಸುವುದಿಲ್ಲ. ಅಕ್ಟೋಬರ್‌ನಲ್ಲಿ ಚಳಿಗಾಲದ ಹಸಿರಿಗಾಗಿ ರೈ ಹುಲ್ಲಿನ ಬೀಜ ಹಾಕುವುದನ್ನು ಮಾತ್ರ ಬಿಟ್ಟಿದ್ದೇನೆ. ಚಳಿಗಾಲದ ಬಿಲ್ ಅದರಿಂದಲೇ ಇಳಿಯಿತು. ಹುಲ್ಲು ಕಂದಾಗಿದ್ದರೆ ಸತ್ತಿದೆ ಎಂದಲ್ಲ, ಎಚ್‌ಒಎ ನೋಟಿಸ್ ಕೊಟ್ಟರೆ ಹಾಗೆಯೇ ಬರೆದು ಕಳಿಸಿ.

ಚಾಂಡ್ಲರ್ ಹೊಸಬ: ಎಲ್ಲರಿಗೂ ಧನ್ಯವಾದ. ಆಶ್ ಉಳಿಯದಿದ್ದರೆ ಆ ಜಾಗಕ್ಕೆ ಸಿಸೂ (ಶೀಶಂ ಮರ) ಹಾಕಬಹುದಾ? ನರ್ಸರಿಯವರು ಬೇಗ ಬೆಳೆಯುತ್ತೆ ಅಂದ್ರು, ನಮ್ಮ ದೇಶದ ಮರ ಬೇರೆ.

ಮೇಸಾ ಸುರೇಶಣ್ಣ: ಬೇಡ!! ನಮ್ಮ ದೇಶದ ಮರ ಆದರೆ ನಮ್ಮ ದೇಶದಲ್ಲೇ ಇರಲಿ. ಸಿಸೂ ಬೇರು ನೀರು ಹುಡುಕಿಕೊಂಡು ಹೋಗಿ ಕಾರಿನ ದಾರಿ, ಈಜುಕೊಳದ ಅಂಚು, ಪಕ್ಕದವರ ಗೋಡೆ ಎಲ್ಲ ಎತ್ತುತ್ತೆ. ಕಡಿದರೆ ಬೇರಿನುದ್ದಕ್ಕೂ ಚಿಗುರು. ಎಷ್ಟೋ ಎಚ್‌ಒಎಗಳ ನಿಷೇಧಿತ ಪಟ್ಟಿಯಲ್ಲಿ ಇದೆ.

ಗಿಲ್ಬರ್ಟ್ ರಾವ್: ಆಳಕ್ಕೆ ನೀರು ಕೊಟ್ಟರೆ ಸಿಸೂ ಏನೂ ಮಾಡಲ್ಲ. ನಮ್ಮ ಹಿತ್ತಲಲ್ಲಿ ಎರಡಿವೆ, ಗೋಡೆಯಿಂದ ಇಪ್ಪತ್ತೈದು ಅಡಿ ದೂರ.

ಮೇಸಾ ಸುರೇಶಣ್ಣ: ಇಪ್ಪತ್ತೈದು ಅಡಿ ಜಾಗ ಈಗಿನ ಯಾವ ಸೈಟಲ್ಲಿದೆ ಸ್ವಾಮಿ? ನಿಮ್ಮ ಪಕ್ಕದವರನ್ನ ಕೇಳಿ ಆಮೇಲೆ ಬರೀರಿ.

ಗಿಲ್ಬರ್ಟ್ ರಾವ್: ಪಕ್ಕದವರ ಮಾತು ನಿಮಗ್ಯಾಕೆ? ಮರ ನಮ್ಮದು.

ಟೆಂಪೆ ಮಲೆನಾಡಿನವಳು: ಹೊಸಬರೇ, ಮುಂದಕ್ಕೆ ಡೆಸರ್ಟ್ ಮ್ಯೂಸಿಯಂ ಅನ್ನೋ ತಳಿಯ ಪಾಲೋ ವರ್ಡೆ ಹಾಕಿ, ಮುಳ್ಳಿಲ್ಲ. ಹಿತ್ತಲಿಗೆ ನುಗ್ಗೆ. ಚಳಿಗೆ ಮೇಲೆ ಒಣಗಿದರೂ ಬುಡದಿಂದ ಬರುತ್ತೆ. ಕರಿಬೇವನ್ನ ಮಾತ್ರ ಕಲ್ಲಿನ ನಡುವೆ ನೆಡಬೇಡಿ, ಪಶ್ಚಿಮದ ಬಿಸಿಲು ತಡೆಯಲ್ಲ.

ಒಕೊಟಿಯೊ ಕುಲಕರ್ಣಿ: ಕರಿಬೇವಿಗೆ ಕಬ್ಬಿಣದ ಟಾನಿಕ್ ಹಾಕಿದರೆ ಸಾಕು, ಎಲ್ಲಿಯಾದರೂ ಬರುತ್ತದೆ.

ಟೆಂಪೆ ಮಲೆನಾಡಿನವಳು: ಯಾವ ಟಾನಿಕ್? ಅಂಗಡಿಯಲ್ಲಿ ಸಿಗೋ ಕಬ್ಬಿಣದ ಸಲ್ಫೇಟ್ ಈ ಸುಣ್ಣದ ಮಣ್ಣಿಗೆ ಬಿದ್ದ ಕೂಡಲೇ ತುಕ್ಕಾಗಿ ಕೂರುತ್ತೆ. ಇಡಿಟಿಎ ಅಂತ ಬರೆದಿರೋದೂ ಇಲ್ಲಿನ 8ರ ಪಿಎಚ್‌ಗೆ ನಿಲ್ಲಲ್ಲ. ಡಬ್ಬಿ ಮೇಲೆ ಇಡಿಡಿಎಚ್‌ಎ ಅಂತ ಇರಬೇಕು, ಕೆಂಪು ಪುಡಿ, ನೀರಲ್ಲಿ ಕಲಸಿ ಬೇರಿಗೆ ಹಾಕಿ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಮಾತ್ರ. ಹಳೇ ಎಲೆ ಹಳದಿ ಆದರೆ ಅದು ಸಾರಜನಕದ ಕೊರತೆ, ಕಬ್ಬಿಣ ಸುರಿದು ಪ್ರಯೋಜನವಿಲ್ಲ. ಕಾಂಕ್ರೀಟ್ ಮೇಲೆ ಚೆಲ್ಲಬೇಡಿ, ಕಲೆ ಹೋಗಲ್ಲ, ಅದಕ್ಕೂ ಎಚ್‌ಒಎ ನೋಟಿಸ್ ಬರುತ್ತೆ.