ಜಾಮರ್ ನಮ್ಮ ಮನೆಗೆ, ಸಿಗ್ನಲ್ ಜೈಲಿಗೆ?

ಪ್ರಶ್ನೆ: ನಮ್ಮ ಮನೆ ಪರಪ್ಪನ ಅಗ್ರಹಾರ ಜೈಲಿನಿಂದ ಕೂಗಳತೆಯಲ್ಲಿದೆ. ಜಾಮರ್ ಬಂದ ಮೇಲೆ ಗ್ಯಾಸ್ ಸಿಲಿಂಡರ್‌ನ ಒಟಿಪಿಗೂ ಮಹಡಿ ಹತ್ತಬೇಕು. ಒಳಗಿರುವವರಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. 2024ರ ಆಗಸ್ಟ್‌ನಲ್ಲಿ ನಟ ದರ್ಶನ್ ರೌಡಿಯೊಬ್ಬನ ಜೊತೆ ಕುರ್ಚಿ ಹಾಕಿಕೊಂಡು ಕುಳಿತ ಫೋಟೊ ಜೈಲಿನೊಳಗಿಂದಲೇ ಹೊರಬಂತಲ್ಲ! ಜೈಲಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಫೋನು ಒಳಗೆ ಹೋಗುವುದಾದರೂ ಹೇಗೆ?

ಉತ್ತರ (ನಿವೃತ್ತ ಜೈಲರ್): ಮೊದಲು ಜಾಮರ್ ವಿಷಯ ಮುಗಿಸುತ್ತೇನೆ. ಹಳೆಯ ಜಾಮರ್ ತರಂಗಗಳ ನಡುವೆ ಗದ್ದಲ ಎಬ್ಬಿಸುತ್ತದೆ, ಅಷ್ಟೇ. 2ಜಿ ಕಾಲದಲ್ಲಿ ಕೂರಿಸಿದ್ದು 4ಜಿ ಬಂದ ದಿನವೇ ಕುರುಡಾಯಿತು. ಈಗ ಅಲ್ಲಿರುವ ಟಿ-ಎಚ್‌ಸಿಬಿಎಸ್ ಎಂಬ ಹೊಸ ಬಗೆಯ ಕರೆ ತಡೆಯುವ ವ್ಯವಸ್ಥೆ ತಾನೇ ಟವರ್‌ನ ವೇಷ ಹಾಕಿ, ಹತ್ತಿರದ ಮೊಬೈಲ್‌ಗಳನ್ನು ಸೆಳೆದು ಕರೆಯನ್ನು ಅಲ್ಲೇ ಕಟ್ಟಿಹಾಕುತ್ತದೆ. ಸುತ್ತಲಿನ ಕಂಪನಿ ಟವರ್‌ಗಳ ಶಕ್ತಿಯನ್ನು ಅದಕ್ಕೆ ಹೊಂದಿಸದಿದ್ದರೆ ಒಳಗೆ ತೂತು, ಹೊರಗೆ ನಿಮಗೆ ಗ್ರಹಣ.

ಇನ್ನು ಫೋನು. ಗೋಡೆಯಾಚೆಯಿಂದ ಎಸೆಯುವವರಿದ್ದಾರೆ, ಕೋರ್ಟಿಗೆ ಹೋಗಿ ಬರುವಾಗ ಮೈಯೊಳಗೆ ಅಡಗಿಸಿ ತರುವವರಿದ್ದಾರೆ. ನಾನು ಬೇರೊಂದು ಜೈಲಿನ ಗೇಟಿನಲ್ಲಿದ್ದಾಗ ಮುಲಾಖಾತಿಗೆ ಬಂದ ಹೆಂಗಸೊಬ್ಬರ ಚೀಲದಲ್ಲಿ ನಾಲ್ಕು ಬಟ್ಟೆಸೋಪುಗಳಿದ್ದವು. ಒಂದರ ಅಂಚು ಮಾತ್ರ ಒದ್ದೆ ಬೆರಳಿನಿಂದ ಸವರಿದಂತೆ ನಯವಾಗಿತ್ತು. ಸೀಳಿದರೆ ಒಳಗೆ ಹೆಬ್ಬೆರಳಿನಷ್ಟು ಉದ್ದದ ಫೋನು, ಬಹುಪಾಲು ಪ್ಲಾಸ್ಟಿಕ್ಕಿನದು. ಲೋಹಶೋಧಕ ಕಿಂಚಿತ್ತೂ ಕೂಗಿರಲಿಲ್ಲ. ಆಕೆ ಅಲ್ಲೇ ಕುಸಿದು ಅತ್ತರು. ಹೊರಗೆ ಯಾರೋ ‘ನಮ್ಮ ಅಣ್ಣನಿಗೂ ಕೊಟ್ಟುಬಿಡಿ’ ಎಂದು ಚೀಲಕ್ಕೆ ಹಾಕಿದ್ದಂತೆ.

ಇವೆಲ್ಲ ಚಿಲ್ಲರೆ ವ್ಯಾಪಾರ. ಸಗಟು ವ್ಯಾಪಾರ ನಡೆಯುವುದು ತಪಾಸಣೆಯೇ ಇಲ್ಲದೆ ಗೇಟು ದಾಟುವವರಿಂದ. 2025ರ ಜುಲೈನಲ್ಲಿ ಎನ್‌ಐಎ ಭಯೋತ್ಪಾದನೆ ಪ್ರಕರಣವೊಂದರಲ್ಲಿ ಇದೇ ಜೈಲಿನ ಮನೋವೈದ್ಯರೊಬ್ಬರನ್ನು ಬಂಧಿಸಿತು. ಕೈದಿಗಳಿಗೆ ಮೊಬೈಲ್ ಸಾಗಿಸಿದರೆಂಬುದು ಆರೋಪ. ನಿಜವೇನೆಂದು ನ್ಯಾಯಾಲಯ ಹೇಳಲಿ.

ಪ್ರಶ್ನೆ: ನನ್ನ ತಂದೆ ವಾರ್ಡರ್ ಆಗಿದ್ದರು. ಸಿಬ್ಬಂದಿಯನ್ನೆಲ್ಲ ಕಳ್ಳರ ಸಾಲಿಗೆ ಸೇರಿಸುತ್ತಿದ್ದೀರಾ?

ಉತ್ತರ: ಇಲ್ಲಮ್ಮ. ನಿಮ್ಮ ತಂದೆಯಂಥವರಿಗಾಗಿಯೇ ಹೇಳುತ್ತಿದ್ದೇನೆ. ರೌಡಿ ಮೊದಲು ದುಡ್ಡು ತೋರಿಸುವುದಿಲ್ಲ. ‘ಸಾರ್, ಮಗಳು ಯಾವ ಶಾಲೆ?’ ಎಂದು ಕೇಳುತ್ತಾನೆ. ಮರುದಿನ ಶಾಲೆಯ ಹೆಸರು ಅವನೇ ಹೇಳುತ್ತಾನೆ. ಸೂಪರಿಂಟೆಂಡೆಂಟ್‌ನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರನ್ನೂ ಪ್ರತಿ ಸಲ ತಪಾಸಣೆ ಮಾಡಿದರೆ ಮಾತ್ರ ವಾರ್ಡರ್ ‘ನನ್ನಿಂದಾಗುವುದಿಲ್ಲಪ್ಪ, ಸಿಕ್ಕಿಬೀಳುತ್ತೇನೆ’ ಎನ್ನಬಹುದು. ಆ ನೆಪ ಅವನಿಗೆ ಬೇಕು. ಪರಪ್ಪನ ಅಗ್ರಹಾರದ ಗೇಟಿಗೆ ರಾಜ್ಯ ಕೈಗಾರಿಕಾ ಭದ್ರತಾ ಪಡೆಯನ್ನು ಹಾಕಿದ್ದು ಸರಿಯೇ. ಆದರೆ ಅವರೂ ವರ್ಷಗಟ್ಟಲೆ ಅದೇ ಗೇಟಿನಲ್ಲಿ ನಿಂತರೆ ಪರಿಚಯ ಸಲಿಗೆಯಾಗುತ್ತದೆ.

ಪ್ರಶ್ನೆ: ಒಂದು ಫೋನಿನಿಂದ ಅಷ್ಟೇನು ಅನಾಹುತ?

ಉತ್ತರ: ಆ ಫೋನು ಬ್ಯಾರಕ್‌ನಲ್ಲಿ ಬಾಡಿಗೆಗೆ ಓಡುತ್ತದೆ. ದೇಶದ ಜೈಲುಗಳಲ್ಲಿ 2022ರ ಕೊನೆಗೆ ನೂರಕ್ಕೆ 75ರಷ್ಟು ಮಂದಿ ವಿಚಾರಣಾಧೀನ ಕೈದಿಗಳೇ. ಬೈಕ್ ಕದ್ದು ಬಂದ ಹುಡುಗ ಅಮ್ಮನೊಡನೆ ಐದು ನಿಮಿಷ ಮಾತನಾಡಲು ರೌಡಿಯ ಕಾಲು ಹಿಡಿಯುತ್ತಾನೆ. ಜಾಮೀನಿನ ದುಡ್ಡೂ ಆ ರೌಡಿಯಿಂದಲೇ ಬರುತ್ತದೆ. ಹೊರಬಂದ ಮೇಲೆ ಸಾಲ ತೀರಿಸುವುದು ಲಾಂಗ್ ಹಿಡಿದು. ಹಾಗಾಗಿ ಅಧಿಕೃತ ಫೋನ್ ಬೂತ್‌ಗಳನ್ನು ಹೆಚ್ಚಿಸಿ ಎಂದರೆ ಕೆಲವರು ಕೈದಿಗಳಿಗೆ ಸುಖವೇಕೆ ಎಂದು ಸಿಡಿಯುತ್ತಾರೆ. ಬೂತ್‌ನಲ್ಲಿ ಸರದಿ ಬೇಗ ಬಂದಷ್ಟೂ ರೌಡಿಗೆ ಗಿರಾಕಿ ಕಡಿಮೆ. ಗುಂಪಿನ ನಾಯಕನನ್ನೂ ಅವನ ಹುಡುಗರನ್ನೂ ಬೇರೆ ಬೇರೆ ಜೈಲಿಗೆ ಕಳುಹಿಸಿ, ಅವರ ವಿಚಾರಣೆಯನ್ನು ಆದಷ್ಟು ವಿಡಿಯೋ ಮೂಲಕವೇ ನಡೆಸಿದರೆ ಕೋರ್ಟಿನ ದಾರಿಯೂ ಮುಚ್ಚುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ಎಲ್ಲ ಸರಿ, ನನ್ನ ಸಿಗ್ನಲ್?

ಉತ್ತರ: ಮೊಬೈಲ್‌ನಲ್ಲಿ ವೈ-ಫೈ ಕಾಲಿಂಗ್ ಹಾಕಿಕೊಳ್ಳಿ. ಅಕ್ಕಪಕ್ಕದ ಮನೆಯವರೊಂದಿಗೆ ಸೇರಿ ದೂರು ಬರೆಯಿರಿ, ಯಾವ ಹೊತ್ತು, ಯಾವ ಕೋಣೆ, ಯಾವ ಕಂಪನಿಯ ಸಿಮ್ ಎಂದು ನಮೂದಿಸಿ. ಅಲ್ಲಿಯವರೆಗೆ ಮಹಡಿ ಹತ್ತುವುದು ಮಂಡಿಗೆ ಒಳ್ಳೆಯದು.