ಮಂಗಳೂರಿಗೆ ಹೋಗ್ತಿದ್ದೇವೆ, ಮನೆ ಎಲ್ಲಿ ನೋಡೋದು? ಇದ್ದವರು ಹೇಳಿ

ದಾವಣಗೆರೆಯಿಂದ ಪ್ರಶ್ನೆ:
ಯಜಮಾನರಿಗೆ ಮಂಗಳೂರಿನ ಬಂದರಿನ ಹತ್ತಿರ ಕೆಲಸ ಸಿಕ್ಕಿದೆ, ಪಣಂಬೂರು ಅಂತೆ. ಜೂನ್‌ನಲ್ಲಿ ಸೇರಬೇಕು. ಮಗಳು ಆರನೇ ಕ್ಲಾಸ್. ಅತ್ತೆಗೆ ಮಂಡಿನೋವು. ಧರ್ಮಸ್ಥಳಕ್ಕೆ ಹೋದಾಗ ಒಂದು ಸಲ ಊರು ಹಾದು ಬಂದಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ಮನೆ, ಮಳೆ, ಭಾಷೆ ಬಗ್ಗೆ ಹೇಳ್ತೀರಾ?

ಹಾಸನದವಳು, ಅಲ್ಲಿ 6 ವರ್ಷ ಇದ್ದೆ:
ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಇವರ ಕೆಲಸವೂ ಪಣಂಬೂರಿನಲ್ಲೇ. ಬ್ರೋಕರ್‌ಗೆ ಫೋನಿನಲ್ಲಿ 'ಬಂದರಿನ ಹತ್ತಿರ ಮನೆ ಬೇಕು' ಅಂದೆವು. ಅವರು ತೋರಿಸಿದರು, ಅಡ್ವಾನ್ಸ್ ಕೊಟ್ಟೂ ಆಯಿತು. ಆಮೇಲೆ ಗೊತ್ತಾಯ್ತು, ಈ ಊರಿಗೆ ಬಂದರು ಎರಡು! ಊರವರು ಸುಮ್ನೆ 'ಬಂದರ್' ಅಂದರೆ ಅದು ಹಳೇ ಬಂದರು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹತ್ತಿರ, ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಕಡೆ. ಸಗಟು ಅಂಗಡಿಗಳು, ಗೋದಾಮು, ಮೀನಿನ ದೋಣಿ ನಿಲ್ಲುವ ಧಕ್ಕೆ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಅನ್ನೋ ಸರಕು ದೋಣಿಗಳು ಎಲ್ಲ ಅಲ್ಲಿ. ಕಚ್ಚಾ ತೈಲ, ಗ್ಯಾಸ್, ಕಲ್ಲಿದ್ದಲಿನ ದೊಡ್ಡ ಹಡಗು ಬರೋದು ಪಣಂಬೂರಿನ ಹೊಸ ಬಂದರಿಗೆ. ಹೊಸದು ಅಂದರೂ 1975ರಲ್ಲಿ ಉದ್ಘಾಟನೆ ಆಗಿದ್ದು. ಎರಡಕ್ಕೂ ನಡುವೆ ಸುಮಾರು 10 ಕಿಲೋಮೀಟರ್, ಮತ್ತೆ ಆ ಕೂಳೂರು ಸೇತುವೆ. ಟ್ಯಾಂಕರ್, ಬಸ್ಸು, ಕಾರು ಎಲ್ಲ ಅಲ್ಲೇ ಸಾಲು. ಹನ್ನೊಂದು ತಿಂಗಳು ಇವರು ಆ ಸಾಲಿನಲ್ಲಿ ನಿಂತರು. ಆಮೇಲೆ ಹೊಸಬೆಟ್ಟಿಗೆ ಬಂದೆವು.

ನನ್ನ ಸಲಹೆ ಇಷ್ಟೇ: ಸೇತುವೆಯಿಂದ ಉತ್ತರಕ್ಕೆ ನೋಡಿ. ಕುಳಾಯಿ, ಹೊಸಬೆಟ್ಟು, ಸುರತ್ಕಲ್. ಬೈಕಂಪಾಡಿಗೆ ತೀರಾ ಅಂಟಿಕೊಂಡು ಮಾತ್ರ ಬೇಡ, ಅದು ಕೈಗಾರಿಕಾ ಪ್ರದೇಶ, ಗಾಳಿ ತಿರುಗಿದರೆ ವಾಸನೆ.

ಬಿಜೈಯಲ್ಲಿ ಇರುವವನು:
ನಾನು ಒಪ್ಪುವುದಿಲ್ಲ ಮೇಡಂ. ಸೇತುವೆ ದಾಟುವುದು ಒಬ್ಬರು. ದಿನಪೂರ್ತಿ ಮನೆಯಲ್ಲಿ ಇರುವುದು ಮೂವರು, ಅಲ್ವಾ? ಬಿಜೈ, ಕದ್ರಿ, ಕಂಕನಾಡಿ ಕಡೆ ಆದರೆ ಶಾಲೆ, ಆಸ್ಪತ್ರೆ ಎಲ್ಲ ಹತ್ತಿರ ಉಂಟು. ಆಸ್ಪತ್ರೆಗೆ ಈ ಊರಿನಲ್ಲಿ ಬರಗಾಲ ಇಲ್ಲ. ಸರ್ಕಾರಿ ವೆನ್‌ಲಾಕ್ 1848ರಿಂದ ಇದೆ, ಕಂಕನಾಡಿಯ ಫಾದರ್ ಮುಲ್ಲರ್ 1880ರಿಂದ. ಆದರೆ ಒಂದು ಮಾತು. ಊರೇ ಗುಡ್ಡದ ಮೇಲೆ ಉಂಟು. ಬಸ್‌ಸ್ಟಾಪ್‌ನಿಂದ ಮನೆಗೆ ಏರು ಎಷ್ಟು ಅಂತ ನಡೆದು ನೋಡಿ. ಅತ್ತೆಯವರ ಮಂಡಿಗೆ ಲಿಫ್ಟ್‌ಗಿಂತ ಅದು ಮುಖ್ಯ.

ಹಾಸನದವಳು:
ಆಸ್ಪತ್ರೆ ವಿಷಯ ಸರಿ. ಏರಿನ ವಿಷಯ ನೀವೇ ಹೇಳಿದಿರಿ! ಹೊಸಬೆಟ್ಟು ಸಪಾಟು.

ಶಿವಮೊಗ್ಗದವನು, ಸುರತ್ಕಲ್‌ನಲ್ಲಿ ಓದಿದ್ದು:
ನಾಲ್ಕು ವರ್ಷ ಇದ್ದೆ. ಮಳೆ ಬಗ್ಗೆ ಹೇಳ್ತೀನಿ. ವರ್ಷಕ್ಕೆ 3,500 ಮಿಲಿಮೀಟರ್ ಮೀರುತ್ತೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೀಳೋ ಮಳೆಗಿಂತ ಒಣಗದ ಬಟ್ಟೆ ದೊಡ್ಡ ಕಷ್ಟ. ಬೆಲ್ಟ್, ಚಪ್ಪಲಿ, ಬೀರುವಿನಲ್ಲಿಟ್ಟ ಸೀರೆ ಎಲ್ಲಕ್ಕೂ ಬೂಸಲು. ಬಟ್ಟೆ ಒಣಹಾಕಲು ಸೂರಿರುವ ಜಾಗ ಇಲ್ಲದ ಮನೆ ಬೇಡ. ಕೊಟ್ಟಾರ ಚೌಕಿಯಂಥ ತಗ್ಗಿನಲ್ಲಿ ಜೋರು ಮಳೆಗೆ ರಸ್ತೆಯಲ್ಲೇ ನೀರು ನಿಲ್ಲುತ್ತೆ. ಮೇ ತಿಂಗಳಲ್ಲಿ ಮನೆ ನೋಡಿದರೆ ಇದು ಕಾಣಲ್ಲ. ಪಕ್ಕದ ಅಂಗಡಿಯವರನ್ನು ಕೇಳಿ, ನಿಜ ಹೇಳ್ತಾರೆ.

ಇಷ್ಟು ಮಳೆ ಬಂದರೂ ಬೇಸಿಗೆಯಲ್ಲಿ ನೀರಿನ ತಾಪತ್ರಯ ಇದೆ, ನಗು ಬರುತ್ತೆ. ಊರಿಗೆ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷ ಸರದಿಯಲ್ಲಿ ಬಿಡ್ತಾರೆ. ಬಾವಿ ಇರುವ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಹಿಡಿಯಿರಿ.

ಬಿಜೈಯಲ್ಲಿ ಇರುವವನು:
ಭಾಷೆಗೆ ಹೆದರಬೇಡಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರೇ ಜಾಸ್ತಿ. ಊರಿನ ಹೆಸರೇ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ. ಆದರೆ ಕನ್ನಡ ಎಲ್ಲರಿಗೂ ಬರುತ್ತದೆ. ನೀವು 'ಏನ್ರೀ' ಅಂದರೆ ನಾವು 'ಎಂತ ಮಾರಾಯ್ರೆ' ಅನ್ನುತ್ತೇವೆ, ಅಷ್ಟೇ. ಮಗಳು ಒಂದು ವರ್ಷದಲ್ಲಿ ತುಳು ಕಲಿತು ನಿಮ್ಮ ಎದುರೇ ಗುಟ್ಟು ಮಾತಾಡುತ್ತಾಳೆ, ನೋಡಿ. ಸಿಟಿ ಬಸ್ಸು ಹೆಚ್ಚಿನವು ಖಾಸಗಿ, ನಂಬರ್ ನೋಡಿ ಹತ್ತುವುದು. ಬೇಗ ಹತ್ತಬೇಕು, ಬೇಗ ಇಳಿಯಬೇಕು. ಅತ್ತೆಯವರನ್ನು ಕರೆದುಕೊಂಡು ಹೋಗುವುದಾದರೆ ರಿಕ್ಷಾ ಒಳ್ಳೆಯದು.

ರೈಲಿನಲ್ಲೇ ಓಡಾಡುವವನು:
ಟಿಕೆಟ್‌ನಲ್ಲಿ ಸೆಂಟ್ರಲ್ಲೋ ಜಂಕ್ಷನ್ನೋ ನೋಡಿಕೊಳ್ಳಿ. ಎರಡೂ ಬೇರೆ ಬೇರೆ ಸ್ಟೇಷನ್. ನಾನು ಒಂದು ಸಲ ತಪ್ಪಾಗಿ ಸೆಂಟ್ರಲ್‌ಗೆ ಹೋಗಿ ರೈಲು ಬಿಟ್ಟುಕೊಂಡಿದ್ದೇನೆ.

ದಾವಣಗೆರೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಮೊದಲು ಕುಳಾಯಿ, ಹೊಸಬೆಟ್ಟು ಕಡೆ ಬಾವಿ ಇರುವ ಮನೆ ನೋಡ್ತೀವಿ. ಇನ್ನೊಂದು ಕೇಳೋದಿತ್ತು, ನಾವು ಮೀನು ತಿನ್ನಲ್ಲ. ಕಷ್ಟ ಆಗುತ್ತಾ? ಅತ್ತೆಗೆ ರೊಟ್ಟಿ ಇಲ್ಲದೆ ಆಗಲ್ಲ.

ಹಾಸನದವಳು:
ನಾವೂ ತಿನ್ನಲ್ಲ, ಏನೂ ಕಷ್ಟ ಆಗಲಿಲ್ಲ. ನೀರ್‌ದೋಸೆ, ಬನ್ಸ್, ಗೋಳಿಬಜೆ, ಮಳೆಗಾಲದಲ್ಲಿ ಪತ್ರೊಡೆ, ಇವೇ ಸಾಕು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಮೀನು ತಿನ್ನೋರದ್ದೇ ಪರದಾಟ! ಅಲ್ಲಿ ಅನ್ನ ಅಂದರೆ ಕುಚ್ಚಲಕ್ಕಿ, ನಮ್ಮ ಕಡೆಯ ಬಿಳಿ ಅಕ್ಕಿಗೆ ಬೆಳ್ತಿಗೆ ಬೇಕು ಅಂತ ಕೇಳಿ ತಗೊಳ್ಳಿ. ರೊಟ್ಟಿ ಅಂದರೆ ಕೋರಿ ರೊಟ್ಟಿ ಕೊಟ್ಟಾರು, ಕೋರಿ ಅಂದರೆ ಕೋಳಿ. ಜೋಳದ ಹಿಟ್ಟು ಮಾತ್ರ ಊರಿಂದಲೇ ಬೀಸಿಸಿಕೊಂಡು ಹೋಗಿ, ಸ್ವಲ್ಪ ಸ್ವಲ್ಪ. ಮಳೆಗಾಲದಲ್ಲಿ ಬೇಗ ಮುಗ್ಗುತ್ತೆ.